ಗಾಳಿ ಅಕ್ಕ ಮತ್ತು ಎಡಗಡೆಯ ಕೊಕ್ಕರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡಂತಸ್ತಿನ ಮನೆಯ ತಾರಸಿಯ ತುಂಬ ಹಗ್ಗ, ಹಗ್ಗದ ತುಂಬ ಹೋಟೆಲುಗಳ ಬಿಳಿ ಬೆಡ್‌ಶೀಟು. ಅವುಗಳ ನಡುವೆ ಒಬ್ಬ ಹೆಂಗಸು ತೋಳು ಮೇಲಕ್ಕೆ ಮಡಚಿ, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ಒದ್ದೆ ಬಟ್ಟೆಯನ್ನು ಪಟ್ಟನೆ ಕೊಡವುತ್ತಿದ್ದಾರೆ. ಕೊಡವಿ ಹರವಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಅವರ ಕಣ್ಣು ಆಕಾಶದ ಮೇಲಿಲ್ಲ, ಬೆಡ್‌ಶೀಟಿನ ಕೆಳ ಅಂಚಿನ ಮೇಲಿದೆ. ಅಂಚು ಮೆಲ್ಲಗೆ ನಡುಗುತ್ತದೆ, ಬಟ್ಟೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಆಮೇಲೆ ಪಡುವಣದ ಕಡೆಗೆ ಬೀಸುತ್ತದೆ.

ಅಷ್ಟು ಸಾಕು. ಕ್ಲಿಪ್ಪು ಬಾಯಿಂದ ತೆಗೆದು, ಫೋನನ್ನು ತುಟಿಯ ಹತ್ತಿರ ಹಿಡಿದು ಹೇಳುತ್ತಾರೆ: "ಎಲ್ರೂ ಕೇಳಿಸ್ಕೊಳಿ. ಮೂಡಲ ಗಾಳಿ. ಇವತ್ತು ಕೆರೆ ಏರಿ ಹತ್ರ ಹೋಗಿ ಕಾಲು ನೆನೆಸ್ಕೋಬೇಡಿ. ಸೀದಾ ನಮ್ಮ ಟೆರೇಸಿಗೆ ಬನ್ನಿ. ಬರ್ತಾ ಯಾರಾದ್ರೂ ಹಾಲು ತನ್ನಿ."

ವಿಮಾನ ನಿಲ್ದಾಣದ ಬೇಲಿಯಾಚೆಗಿನ ಈ ಓಣಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಗಾಳಿ ಅಕ್ಕ ಎಂದು. ಕಸುಬು, ಸುತ್ತಲಿನ ಸಣ್ಣ ಹೋಟೆಲುಗಳ ಬೆಡ್‌ಶೀಟು, ಟವೆಲು ಒಗೆದು ಕೊಡುವುದು. ಆದರೆ ವಿಮಾನಗಳ ಫೋಟೊ ತೆಗೆಯುವ ಹುಚ್ಚು ಹಿಡಿಸಿಕೊಂಡವರಿಗೆ ಇವರು ಬೇರೆಯೇ ಒಂದು ಕೆಲಸಕ್ಕೆ ಬೇಕು. ಇವತ್ತು ಎಲ್ಲಿ ನಿಂತರೆ ವಿಮಾನ ಚೆನ್ನಾಗಿ ಕಾಣುತ್ತದೆ, ಎಲ್ಲಿ ನಿಂತರೆ ಯಾರೂ ಬೈಯುವುದಿಲ್ಲ ಎಂದು ಹೇಳುವವರು ಇವರೇ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಹಲ್ಲಿನ ಡಾಕ್ಟರಮ್ಮ ಒಬ್ಬರು ಬರುತ್ತಾರೆ, ಹೆಗಲ ಮೇಲೆ ಮಗುವಿನಷ್ಟು ಭಾರದ ಲೆನ್ಸು. ಅವರ ಹಿಂದೆ ಏದುಸಿರು ಬಿಡುತ್ತ ನಿವೃತ್ತ ಬಸ್ ಚಾಲಕರು, ಕೈಯಲ್ಲಿ ಹಾಲಿನ ಪೊಟ್ಟಣ. ಹೊಸದಾಗಿ ಮದುವೆಯಾದ ಒಂದು ಜೋಡಿ, ಇಬ್ಬರಿಗೂ ಸೇರಿ ಒಂದೇ ಕ್ಯಾಮೆರಾ. ಈ ತಾರಸಿಗೆ ಒಂದು ಕಟ್ಟಳೆಯಿದೆ. ಮೇಲೆ ಬಂದವರು ವಿಮಾನ ಬರುವ ತನಕ ಕೈ ಕಟ್ಟಿ ಕೂರುವಂತಿಲ್ಲ. ಅಕ್ಕ ಒಣಗಿದ ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತರೆ ಇನ್ನೊಂದು ತುದಿಯನ್ನು ಹತ್ತಿರವಿದ್ದವರು ಹಿಡಿಯಬೇಕು, ಎಳೆದು ನೇರ ಮಾಡಿ ಮಡಚಬೇಕು. ಹೀಗಾಗಿ ಊರಿನ ವಿಮಾನದ ಹುಚ್ಚರೆಲ್ಲ ಈಗ ಬೆಡ್‌ಶೀಟು ಮಡಚುವುದರಲ್ಲಿ ಪಳಗಿದ್ದಾರೆ.

"ಮನೇಲಿ ಒಂದು ಕರ್ಚೀಫೂ ಮಡಚಲ್ಲ ಅಂತ ನನ್ನ ಹೆಂಡ್ತಿ ಬಯ್ತಾಳೆ," ಎನ್ನುತ್ತಾರೆ ಬಸ್ ಚಾಲಕರು.

"ಅವರನ್ನೂ ಒಂದಿನ ಕರ್ಕೊಂಡು ಬನ್ನಿ ಅಣ್ಣ. ನೀವು ಮಡಚೋದನ್ನ ಅವರೂ ಕಣ್ಣಾರೆ ನೋಡ್ಲಿ," ಎನ್ನುತ್ತಾರೆ ಅಕ್ಕ.

"ಬೇಡಮ್ಮ. ನೋಡಿದ್ರೆ ಮನೇಲೂ ಶುರು ಮಾಡಿಸ್ತಾಳೆ."

ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ಮೂಡಲಿಂದ ಬಂದರೆ ವಿಮಾನ ಮೂಡಲಿಗೆ ಮುಖ ಮಾಡಿ ಏರುತ್ತದೆ, ಪಡುವಲಿಂದ ಬಂದರೆ ಪಡುವಲಿಗೆ. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದು ಪ್ರತಿ ಬೆಳಿಗ್ಗೆ ಹೊಸದಾಗಿ ತೀರ್ಮಾನವಾಗಬೇಕು. ಗಾಳಿಯ ಸುದ್ದಿ ಫೋನಿನಲ್ಲೂ ಸಿಗುತ್ತದಲ್ಲವೇ ಎಂದು ಕೇಳಿದರೆ ಡಾಕ್ಟರ್ ನಗುತ್ತಾರೆ. "ಸಿಗುತ್ತೆ, ನಾವೂ ನೋಡ್ತೀವಿ. ಆದ್ರೆ ಫೋನು ನಮ್ಮನ್ನ ಟೀ ಕುಡಿಯೋಕೆ ಕರೆಯಲ್ಲ."

ಅಕ್ಕ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ವಿಮಾನವೆಂದರೆ ಆಗುತ್ತಿರಲಿಲ್ಲ. ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಮಾತಿನ ಮಧ್ಯೆ ವಿಮಾನ ಬಂದರೆ ಎಲ್ಲರೂ ಬಾಯಿ ತೆರೆದಂತೆಯೇ ನಿಂತು, ಅದು ಹೋದ ಮೇಲೆ ಉಳಿದ ಅರ್ಧ ಮಾತು ಮುಗಿಸುತ್ತಿದ್ದರು. "ಜಗಳ ಆಡೋಕೂ ಆಗ್ತಿರ್ಲಿಲ್ಲ ನೋಡಿ. ನಾನು ಒಂದು ಏಟಿನ ಮಾತು ರೆಡಿ ಮಾಡ್ಕೊಂಡಿರ್ತಿದ್ದೆ, ಅಷ್ಟರಲ್ಲಿ ವಿಮಾನ. ಅದು ಹೋಗೋ ಹೊತ್ತಿಗೆ ನನಗೆ ಸಿಟ್ಟೇ ಆರಿರ್ತಿತ್ತು." ಮಗಳು ಹುಟ್ಟಿದ ಮೇಲೆ ಇನ್ನೂ ಕಷ್ಟ. ಜೋಲಿ ತೂಗಿ ತೂಗಿ ಮಲಗಿಸಿದ ಕೂಸು ಒಂದೇ ಗುಡುಗಿಗೆ ಎದ್ದು ಕೂರುತ್ತಿತ್ತು. ಬೇಲಿಯ ಬದಿಯಲ್ಲಿ ಕಟ್ಟಡದ ಕೆಲಸ ನಡೆದಾಗಲಂತೂ ಒಗೆದು ಹಾಕಿದ್ದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು. ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೋಡಿಕೊಂಡು ಹಗ್ಗ ಕಟ್ಟುವುದನ್ನು ಅವರು ಕಲಿತದ್ದು ಆಗ, ಒಗೆದದ್ದನ್ನೇ ಮತ್ತೆ ಒಗೆಯುವ ಸಂಕಟದಿಂದ.

ಕ್ಯಾಮೆರಾದವರ ಪರಿಚಯ ಮಾಡಿಸಿದ್ದು ಈ ಹಲ್ಲಿನ ಡಾಕ್ಟರೇ. ಒಂದು ಬೆಳಿಗ್ಗೆ ಓಣಿಯಲ್ಲಿ ನಿಂತು, ಒಂದು ಸಲ ತಾರಸಿಗೆ ಬರಬಹುದೇ ಎಂದು ಕೇಳಿದರಂತೆ. ಬಾಗಿಲು ತೆರೆದವರು ಅಕ್ಕನ ಅತ್ತೆ.

"ನಾನು ಬಂದೂಕು ಅಂದ್ಕೊಂಡೆ," ಎಂದು ಅತ್ತೆ ಈಗಲೂ ಹೇಳುತ್ತಾರೆ. ತಾರಸಿಯ ಮೂಲೆಯ ಪ್ಲಾಸ್ಟಿಕ್ ಕುರ್ಚಿ ಅವರದೇ, ಇನ್ನೊಬ್ಬರು ಕೂರುವ ಹಾಗಿಲ್ಲ. "ಇಷ್ಟುದ್ದ ಕರೀ ಕೊಳವೆ. ಮಗನನ್ನ ಕೂಗಿದೆ. ಅವನು ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡೇ ಓಡಿ ಬಂದ."

"ಇಬ್ಬರೂ ಎದುರುಬದುರು ನಿಂತಿದ್ವಿ. ನನ್ನ ಕೈಲಿ ಲೆನ್ಸು, ಅವರ ಕೈಲಿ ಹೊಗೆ ಬರ್ತಿರೋ ಇಸ್ತ್ರಿ ಪೆಟ್ಟಿಗೆ," ಎಂದು ಡಾಕ್ಟರ್ ನೆನೆಯುತ್ತಾರೆ.

ಅಂದು ಫೋಟೊ ತೆಗೆದು ಇಳಿಯುವಾಗ ಡಾಕ್ಟರ್ ಅಕ್ಕನ ಕಿವಿಯಲ್ಲಿ ಒಂದು ಮಾತು ಕೇಳಿದರು: "ಇಲ್ಲಿ ಬಾತ್‌ರೂಮ್ ಎಲ್ಲಿದೆ?" ಹೋಗಲು ಜಾಗ ಸಿಗದೆಂದು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಅವರು ಬೇಲಿಯ ಸುತ್ತ ಅಲೆದಿದ್ದರು. ಅಕ್ಕ ಜಾಗ ಹುಡುಕುವ ಕೆಲಸಕ್ಕೆ ಮನಸ್ಸು ಕೊಟ್ಟದ್ದು ಆ ಪ್ರಶ್ನೆಯಿಂದಾಗಿ. ಹೋಟೆಲಿಗೆ ಬಟ್ಟೆ ಮುಟ್ಟಿಸಲು ತಮ್ಮ ಲಗೇಜ್ ಆಟೊ ಓಡಿಸಿಕೊಂಡು ಹೋಗುವಾಗ ಅವರ ಕಣ್ಣು ಅತ್ತಿತ್ತ ಹುಡುಕತೊಡಗಿತು. ಗಿಡಗಳ ನರ್ಸರಿಯ ಹಿಂದಿನ ಬೆಂಚು, ಲಾರಿ ತೊಳೆಯುವ ಜಾಗದ ಇಳಿಜಾರು, ಕೆರೆಯ ಏರಿ. ಪ್ರತಿ ಜಾಗದ ಕಾವಲುಗಾರರ ಜತೆ ಮಾತು, ಯಜಮಾನರ ಒಪ್ಪಿಗೆ, ಪೊಲೀಸ್ ಹೊರಠಾಣೆಗೆ ಮೊದಲೇ ಒಂದು ಮಾತು. ಬೇಲಿಯನ್ನು ಯಾರೂ ಮುಟ್ಟುವಂತಿಲ್ಲ, ಏಣಿ ಒರಗಿಸುವಂತಿಲ್ಲ.

"ಮೊದಲು ಸೂರ್ಯ ಬೆನ್ನಿಗಿದ್ಯಾ ನೋಡ್ತೀನಿ. ಬಿಸಿಲು ನಮ್ಮ ಬೆನ್ನ ಮೇಲೆ ಬಿದ್ರೆ ವಿಮಾನದ ಮುಖದ ಮೇಲೂ ಬೀಳುತ್ತೆ. ಆಮೇಲೆ ಕರೆಂಟು ತಂತಿ ಅಡ್ಡ ಇದ್ಯಾ ಅಂತ. ಅಲ್ಲಿ ಯಾರದಾದ್ರೂ ನಿದ್ದೆ ಕೆಡುತ್ತಾ ಅಂತ. ಕಡೇಲಿ ಕೇಳೋದು, ಆದ್ರೆ ಅದೇ ಮುಖ್ಯ, ಹೆಂಗಸರು ಹೋಗೋಕೆ ಬಾತ್‌ರೂಮ್ ಇದ್ಯಾ ಅಂತ."

ಡಾಕ್ಟರ್ ತಲೆಯಾಡಿಸುತ್ತಾರೆ. "ಯಾವ ಜಾಗ ಒಳ್ಳೇದು ಅಂತ ನಮ್ಮ ಹುಚ್ಚರು ಪುಟಗಟ್ಟಲೆ ಬರೀತಾರೆ. ಲೆನ್ಸಿನ ಅಳತೆ ಇರುತ್ತೆ, ಬಿಸಿಲಿನ ದಿಕ್ಕು ಇರುತ್ತೆ. ಇದೊಂದು ಯಾರೂ ಬರೆದಿರ್ಲಿಲ್ಲ. ಅಕ್ಕ ಬಂದ್ಮೇಲೆ ನಮ್ಮ ಗುಂಪಲ್ಲಿ ಹೆಂಗಸರು ಎಷ್ಟು ಜಾಸ್ತಿ ಆದ್ರು ನೋಡಿ."

ಹಾಗೆಂದು ಅಕ್ಕನ ಲೆಕ್ಕ ಯಾವಾಗಲೂ ಸರಿಯಿರುತ್ತದೆಂದಲ್ಲ. ಒಂದು ಭಾನುವಾರ ಇಡೀ ಗುಂಪನ್ನು ಕೆರೆಯ ಕಡೆ ಕಳಿಸಿದ್ದರು. ಅಷ್ಟರಲ್ಲಿ ಗಾಳಿ ತಿರುಗಿತು. ಇವರು ಹೋಟೆಲಿಗೆ ಬಟ್ಟೆ ಇಳಿಸುತ್ತಿದ್ದವರು ಗಮನಿಸಲಿಲ್ಲ. ದಿನವಿಡೀ ಎಲ್ಲರಿಗೂ ಕಂಡದ್ದು ವಿಮಾನದ ಬಾಲ ಮಾತ್ರ. ಆ ಭಾನುವಾರಕ್ಕೆ ಗುಂಪಿನವರು ಇಟ್ಟಿರುವ ಹೆಸರು ಬಾಲದ ಭಾನುವಾರ. ಅದನ್ನೆತ್ತಿದರೆ ಅಕ್ಕ ಕೈಯಲ್ಲಿರುವ ಒದ್ದೆ ಟವೆಲಿನಲ್ಲೇ ಒಂದೇಟು ಬೀಸುತ್ತಾರೆ.

ಇವರ ಬಗ್ಗೆ ಬರೆಯಲೆಂದು ನಾನು ಬಂದ ಶನಿವಾರ ತಾರಸಿಯ ಮೇಲೆ ಒಂದು ಬಗೆಯ ಸಡಗರ. ಮರುದಿನ ಒಂದು ವಿಮಾನ ಹೊರಡುವುದಿದೆ, ಅದು ಅಕ್ಕನ ತಂಗಿಯ ವಿಮಾನ.

ವಿಮಾನ ನಿಲ್ದಾಣದ ದೂರದ ಮೂಲೆಯಲ್ಲಿ ಒಂದು ದೈತ್ಯ ಶೆಡ್ಡಿದೆ. ಹಳೆಯ ವಿಮಾನಗಳು ಅಲ್ಲಿಗೆ ಹೊಸ ಬಣ್ಣ ಹಚ್ಚಿಸಿಕೊಳ್ಳಲು ಬರುತ್ತವೆ. ಅಕ್ಕನ ತಂಗಿ ಅಲ್ಲಿ ಬಣ್ಣದ ಕೆಲಸ ಮಾಡುತ್ತಾಳೆ. ಹಳೆಯ ಬಣ್ಣ ಉಜ್ಜಿ ತೆಗೆದು, ಕಿಟಕಿಗಳಿಗೆಲ್ಲ ಕಾಗದ ಅಂಟಿಸಿ, ಮುಖಕ್ಕೆ ಮುಖವಾಡದಂಥ ಮಾಸ್ಕು ಕಟ್ಟಿಕೊಂಡು, ಅಟ್ಟಣಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಗೆರೆ ಎಳೆಯುವ ಕೆಲಸ. ಎಷ್ಟೋ ವರ್ಷಗಳಿಂದ ಮಾಡುತ್ತಿದ್ದರೂ ತಾನು ಬಣ್ಣ ಹಚ್ಚಿದ ವಿಮಾನ ಹಾರುವುದನ್ನು ಅವಳು ನೋಡಿಲ್ಲ. ಅವು ಯಾವುದೋ ಹೊತ್ತಿನಲ್ಲಿ ಖಾಲಿಯಾಗಿ ಹೊರಟು ಬೇರೆಲ್ಲೋ ಸೇರಿಬಿಡುತ್ತವೆ. ಶೆಡ್ಡಿನೊಳಗೆ ಫೋನು ಒಯ್ಯುವಂತಿಲ್ಲ, ಆದ್ದರಿಂದ ಒಂದು ಫೋಟೊ ಕೂಡ ಇಲ್ಲ.

"ನಮ್ಮಮ್ಮ ಊರಲ್ಲಿ ಎಲ್ರಿಗೂ ಏನು ಹೇಳ್ಕೊಂಡಿದಾರೆ ಗೊತ್ತಾ? ಚಿಕ್ಕೋಳು ಏರ್‌ಪೋರ್ಟಲ್ಲಿ ಗೋಡೆಗೆ ಸುಣ್ಣ ಬಳೀತಾಳೆ ಅಂತ," ಎನ್ನುತ್ತಾಳೆ ತಂಗಿ. ಅವಳ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ನಗುತ್ತಲೇ ಹೇಳುತ್ತಾಳೆ, ಆದರೆ ಹೇಳಿದ ಮೇಲೆ ಉಗುರು ನೋಡಿಕೊಳ್ಳುತ್ತಾಳೆ. "ವಿಮಾನಕ್ಕಮ್ಮಾ, ವಿಮಾನಕ್ಕೆ ಅಂದ್ರೆ, ಅದಕ್ಕೆ ಬಣ್ಣ ಹಚ್ಚೋಕೆ ನಿನ್ನನ್ಯಾಕೆ ಕರೀತಾರೆ ಅಂತಾರೆ."

ಈ ಸಲದ್ದು ಬರಿಯ ಗೆರೆಯಲ್ಲ. ಕಂಪನಿಯವರು ತಮ್ಮ ವಿಮಾನದ ಮೇಲೊಂದು ಹಕ್ಕಿ ಬೇಕೆಂದರು. ಕೆಲಸಗಾರರೆಲ್ಲ ಒಂದೊಂದು ಚಿತ್ರ ಬರೆದುಕೊಟ್ಟರು. ಆರಿಸಿದ್ದು ಇವಳ ಕೊಕ್ಕರೆಯನ್ನು. ಕತ್ತು ಮುಂದೆ, ಕಾಲು ಹಿಂದೆ ಚಾಚಿಕೊಂಡು, ರೆಕ್ಕೆ ಬಿಚ್ಚಿ ಹಾರುವ ಕೊಕ್ಕರೆ. ಈ ವಿಮಾನ ಇಲ್ಲಿಗೆ ಮತ್ತೆ ಬರುವುದಿಲ್ಲ, ಪಡುವಣದ ಒಂದು ನಗರಕ್ಕೆ ಹೋಗಿ ಅಲ್ಲಿಂದ ಕಡಲಾಚೆ ಓಡಾಡುತ್ತದೆ. ಕಂಪನಿಯ ಜಾಹೀರಾತಿನಲ್ಲಿ ಹಾಕಿರುವುದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಇವಳ ಕುಂಚದ ಕೊಕ್ಕರೆಯ ಫೋಟೊ ಸಿಗುವುದಿದ್ದರೆ ನಾಳೆ ಬೆಳಿಗ್ಗೆ ಒಂದೇ ಸಲ.

ಗುಂಪಿನವರು ವಾರದಿಂದ ಅದಕ್ಕೇ ತಯಾರಾಗಿದ್ದರು. ಡಾಕ್ಟರ್ ತಾರಸಿಯ ಅಂಚಿನಲ್ಲಿ ತಮ್ಮ ಜಾಗ ಗುರುತಿಸಿಕೊಂಡು, "ಚಳಿಗಾಲದ ಬಿಸಿಲು, ಸೂರ್ಯ ಬೆನ್ನಿಗೆ, ಮೂಡಲ ಗಾಳಿ. ಇದಕ್ಕಿಂತ ಇನ್ನೇನು ಬೇಕು? ಈ ತಾರಸಿಯ ಮುಂದೇನೆ ಏರಿಕೊಂಡು ಹೋಗುತ್ತೆ," ಎಂದು ತಂಗಿಗೆ ವಿವರಿಸುತ್ತಾರೆ.

ತಂಗಿ ಟೀ ಲೋಟ ಹಿಡಿದುಕೊಂಡು ರನ್‌ವೇಯನ್ನೇ ನೋಡುತ್ತಾಳೆ. "ಇಲ್ಲಿಂದಾನಾ? ಇಲ್ಲಿಂದ ನೋಡಿದ್ರೆ ಅದರ ಬಲಗಡೆ ಅಲ್ವಾ ಕಾಣೋದು?"

"ಹೌದು."

"ಕೊಕ್ಕರೆ ಎಡಗಡೆ ಇದೆ."

"ಎರಡೂ ಕಡೆ ಇಲ್ವಾ?" ಅಕ್ಕನ ದನಿ ಸಣ್ಣಗಾಗುತ್ತದೆ.

"ಒಂದೇ ಕಡೆ ಅಕ್ಕ. ಜನ ಹತ್ತೋ ಬಾಗಿಲು ಎಡಗಡೆ ಅಲ್ವಾ, ಅಲ್ಲಿ ಇದ್ರೆ ಹತ್ತುವಾಗ ಎಲ್ರಿಗೂ ಕಾಣುತ್ತೆ ಅಂತ ಅಲ್ಲಿ ಬರೆಸಿದ್ರು."

ಬಿಸಿಲು ಯಾವ ಕಡೆ, ಗಾಳಿ ಯಾವ ಕಡೆ ಎಂದು ತಲೆ ಕೆಡಿಸಿಕೊಂಡವರಿಗೆ ಹಕ್ಕಿ ಯಾವ ಕಡೆ ಎಂದು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಮೊದಲು ನಕ್ಕವರು ಅತ್ತೆ. ನಗುತ್ತ ನಗುತ್ತ ಕೆಮ್ಮು ಬಂದು, ಸೊಸೆ ಬೆನ್ನು ತಟ್ಟಬೇಕಾಗುತ್ತದೆ.

"ವಾರದಿಂದ ಮೀಟಿಂಗು ಮಾಡಿದ್ದೇ ಮಾಡಿದ್ದು! ಮದುವೆ ಮನೇಲಿ ಎಲ್ಲಾ ರೆಡಿ, ಹೆಣ್ಣು ಯಾವುದು ಅಂತಾನೇ ನೋಡಿಲ್ಲ!"

ಬೇಲಿಯ ಆಚೆ ಬದಿಗೆ, ಉತ್ತರಕ್ಕೆ ಹೋಗಿ ನಿಲ್ಲಬಹುದು. ಆದರೆ ಆ ಬದಿ ಬೆಳಿಗ್ಗೆ ನೆರಳು. ಸೂರ್ಯ ವಿಮಾನದ ಹಿಂದಿರುತ್ತಾನೆ, ಕೊಕ್ಕರೆ ಬರಿಯ ಕಪ್ಪು ಮಸಿಯಾಗಿ ಕಾಣುತ್ತದೆ. ಡಾಕ್ಟರ್ ಲೆನ್ಸಿಗೆ ಮುಚ್ಚಳ ಹಾಕುತ್ತಾರೆ. ತಂಗಿ, "ಹೋಗ್ಲಿ ಬಿಡಿ ಅಕ್ಕ, ಇಷ್ಟೆಲ್ಲ ಯಾಕೆ," ಎನ್ನುತ್ತಾಳೆ. ಹಾಗೆ ಬೇಗ ಬೇಗ "ಹೋಗ್ಲಿ ಬಿಡಿ" ಎನ್ನುವುದು ನಮಗೆಲ್ಲ ಎಷ್ಟು ಅಭ್ಯಾಸವಾಗಿದೆ. ಅಕ್ಕನಿಗೂ ಅದು ಕೇಳಿಸಿತು. "ಬಾಯಿ ಮುಚ್ಚೇ. ಹೋಗ್ಲಿ ಬಿಡಿ ಅಂತೆ," ಎಂದು ಲೋಟ ಕಿತ್ತುಕೊಂಡರು.

ದಾರಿ ತೋರಿಸಿದ್ದು ಅತ್ತೆಯ ಗೊಣಗಾಟ. "ಪಡುವಣಕ್ಕೆ ಹೋಗೋವು ಯಾವಾಗ್ಲೂ ಹೀಗೇ ಕಾಟ. ಒಂದೇ ವಿಮಾನ ನನ್ನನ್ನ ಎರಡು ಸಲ ಎಬ್ಬಿಸುತ್ತೆ. ಹೊರಡ್ತಾ ಒಂದ್ಸಲ, ಆ ಕಡೆಯಿಂದ ಸುತ್ಕೊಂಡು ವಾಪಸ್ ಬರ್ತಾ ದೂರದಲ್ಲಿ ಇನ್ನೊಂದ್ಸಲ."

ಅಕ್ಕ ಮಡಚುತ್ತಿದ್ದ ಬೆಡ್‌ಶೀಟು ಕೈಬಿಟ್ಟು ಅತ್ತೆಯ ಕೆನ್ನೆ ಹಿಂಡುತ್ತಾರೆ. ಮೂಡಲಿಗೆ ಏರಿದ ವಿಮಾನ ಪಡುವಣಕ್ಕೆ ಹೋಗಬೇಕಾದರೆ ಎಲ್ಲೋ ತಿರುಗಲೇಬೇಕು. ಅದು ಎಡಕ್ಕೆ, ಉತ್ತರದ ಬಯಲಿನ ಮೇಲೆ ಸುತ್ತಿಕೊಂಡು ವಾಪಸ್ ಬರುತ್ತದೆ. ಹಾಗೆ ಬರುವಾಗ ಅದರ ಎಡಗಡೆ ದಕ್ಷಿಣಕ್ಕೆ, ಅಂದರೆ ಬಿಸಿಲಿಗೆ ಮುಖ ಮಾಡಿರುತ್ತದೆ. ಆ ಸುತ್ತಿನ ಒಳಗೆ ನಿಂತರೆ ಕೊಕ್ಕರೆಯ ಮೇಲೆ ನೇರ ಬೆಳಕು. "ಸೈಕಲ್ಲು ತಿರುಗಿಸೋವಾಗ ಒಳಗಡೆಗೆ ವಾಲುತ್ತಲ್ವಾ, ಹಾಗೇ," ಎಂದು ಅಕ್ಕ ತಮ್ಮ ಅಂಗೈಯನ್ನೇ ವಿಮಾನ ಮಾಡಿ ವಾಲಿಸಿ ತೋರಿಸುತ್ತಾರೆ. "ಒಳಗೆ ನಿಂತವರಿಗೆ ಪಕ್ಕ ಕಾಣುತ್ತೆ, ಹೊರಗೆ ನಿಂತವರಿಗೆ ಬರೀ ಹೊಟ್ಟೆ."

ಹೀಗೆ ಶನಿವಾರ ಮಧ್ಯಾಹ್ನ ಲಗೇಜ್ ಆಟೊ ಹೊರಡುತ್ತದೆ. ಮುಂದೆ ಅಕ್ಕ, ಪಕ್ಕದಲ್ಲಿ ತಂಗಿ, ಹಿಂದೆ ಟವೆಲಿನ ಗಂಟುಗಳ ಮೇಲೆ ಡಾಕ್ಟರ್ ಮತ್ತು ನಾನು. ಉತ್ತರದ ಬಯಲು ಅಕ್ಕನಿಗೆ ಹೊಸತು, ಅಲ್ಲಿ ಹೋಟೆಲುಗಳಿಲ್ಲ. ಮೊದಲು ಸಿಕ್ಕ ದಿಬ್ಬದ ಮೇಲೆ ಕರೆಂಟಿನ ಕಂಬಗಳು ಮೆರವಣಿಗೆ ಹೊರಟಿದ್ದವು. ಆಮೇಲಿನ ಶಾಲೆಯ ಮೈದಾನಕ್ಕೆ ಬೀಗ. ಕೋಳಿ ಸಾಕುವವರೊಬ್ಬರು ಒಪ್ಪಿದರು, ಆದರೆ ಐದು ನಿಮಿಷ ನಿಂತ ಡಾಕ್ಟರ್ ಕರ್ಚೀಫಿನೊಳಗಿಂದಲೇ, "ಇಲ್ಲಿ ಉಸಿರಾಡಿದ್ರೆ ಫೋಟೊ ಅಲುಗಾಡುತ್ತೆ, ಉಸಿರು ಹಿಡಿದ್ರೆ ನಾನೇ ಹೋಗ್ತೀನಿ," ಎಂದರು. ಬಿಸಿಲು ಇಳಿಯುತ್ತಿತ್ತು.

ಆಗ ಕಂಡದ್ದು ಆ ಅಂಗಳ. ವಿಶಾಲವಾದ ಬಯಲು, ಸುತ್ತ ತಂತಿಯಿಲ್ಲ, ಮಧ್ಯೆ ಲಾರಿಗೆ ಸರಕು ಏರಿಸುವ ಎತ್ತರದ ಸಿಮೆಂಟು ಕಟ್ಟೆ. ಕಟ್ಟೆಯ ಸುತ್ತ, ಸಾಲು ಸಾಲಾಗಿ, ಬಿಸಿಲಿಗೆ ಹೊಳೆಯುತ್ತ, ಬಿಳಿ ಕಮೋಡುಗಳು. ಕಮೋಡಿನ ಸಗಟು ವ್ಯಾಪಾರದ ಗೋಡೌನು ಅದು. ಕಟ್ಟೆ ಹತ್ತಿದ ಅಕ್ಕ ಒಂದು ಕಣ್ಣು ಮುಚ್ಚಿ, ಎರಡು ಕೈ ಸೇರಿಸಿ ಚೌಕ ಮಾಡಿ ಆಕಾಶ ಅಳೆದರು. "ಇದೇ," ಎಂದರು.

ಗೋಡೌನಿನ ಯಜಮಾನಿ ಸೊಂಟಕ್ಕೆ ಕೈ ಕೊಟ್ಟು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. "ಅಲ್ಲಮ್ಮ, ವಿಮಾನ ನೋಡೋಕೆ ನನ್ನ ಗೋಡೌನೇ ಬೇಕಾ?"

"ವಿಮಾನ ಅಲ್ಲ ಅಮ್ಮಾವ್ರೆ. ವಿಮಾನದ ಮೇಲೆ ನನ್ನ ತಂಗಿ ಬರೆದಿರೋ ಕೊಕ್ಕರೆ."

ಯಜಮಾನಿ ತಂಗಿಯನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಇವಳಾ? ವಿಮಾನದ ಮೇಲಾ?" ಕೀಲಿ ಗೊಂಚಲನ್ನು ಗಲ್ಲೆನಿಸಿದರು. "ಎಷ್ಟು ಹೊತ್ತಿಗೆ ಬಾಗಿಲು ತೆಗೀಬೇಕು ಹೇಳು. ಕೂತ್ಕೊಳೋಕೆ ಸೀಟಿಗೇನೂ ಬರ ಇಲ್ಲ ನಮ್ಮಲ್ಲಿ."

ಅಕ್ಕ ತಮ್ಮ ಕೊನೆಯ ಪ್ರಶ್ನೆ ಕೇಳಿದರು. ಹೆಂಗಸರು ಹೋಗೋಕೆ ಬಾತ್‌ರೂಮ್?

ಯಜಮಾನಿ ಕಣ್ಣು ಹಾಯುವ ತನಕ ಹಬ್ಬಿದ್ದ ತಮ್ಮ ಸರಕಿನ ಕಡೆ ಕೈ ಬೀಸಿದರು. "ಇಷ್ಟಿದೆ ನೋಡು. ಒಂದಕ್ಕೂ ನೀರಿನ ಕನೆಕ್ಷನ್ ಇಲ್ಲ." ಆಮೇಲೆ ತಾವೇ ನಕ್ಕು, ಪಕ್ಕದ ತಮ್ಮ ಮನೆಯ ಬಾಗಿಲು ತೋರಿಸಿದರು.

ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಗುಂಪೆಲ್ಲ ಸೇರಿದೆ. ತಂಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದಾಳೆ, ಇಸ್ತ್ರಿ ಮಾಡಿಕೊಟ್ಟದ್ದು ಭಾವ. ಒಂದೇ ಭಯ, ಗಾಳಿಯದು. ಗಾಳಿ ತಿರುಗಿದರೆ ವಿಮಾನ ಪಡುವಣಕ್ಕೇ ನೇರ ಏರಿ ಹೊರಟುಹೋಗುತ್ತದೆ, ಈ ಕಡೆ ಬರುವುದೇ ಇಲ್ಲ. ಕೊಕ್ಕರೆ ಯಾರಿಗೂ ಕಾಣದೆ ಹೋಗಿಬಿಡುತ್ತದೆ. ಆದ್ದರಿಂದ ಅತ್ತೆಯನ್ನು ತಾರಸಿಯ ಮೇಲೆ ಬೆಡ್‌ಶೀಟಿನ ಕಾವಲಿಗೆ ಕೂರಿಸಿ ಬಂದಿದ್ದಾರೆ. ಹೇಗೂ ಮಂಡಿ ನೋವಿನಿಂದ ಅವರಿಗೆ ಆಟೊ ಹತ್ತಲಾಗುವುದಿಲ್ಲ. ಅಕ್ಕ ಫೋನಿನ ಸ್ಪೀಕರ್ ಹಾಕುತ್ತಾರೆ.

"ಅತ್ತೆ, ಬೆಡ್‌ಶೀಟು ಹೇಗಿದೆ?"

"ಇನ್ನೂ ಒಣಗಿಲ್ಲ."

"ಒಣಗಿದ್ಯಾ ಅಂತಲ್ಲ ಅತ್ತೆ, ಯಾವ ಕಡೆ ಬೀಸ್ತಿದೆ ಅಂತ."

"ಯಾವ ಕಡೇನೂ ಇಲ್ಲ. ಗೋಡೆಗೆ ಕ್ಯಾಲೆಂಡರ್ ಹಾಕಿದ ಹಾಗೆ ನಿಂತಿದೆ."

ತಂಗಿ ಒಂದು ಕಮೋಡಿನ ಮುಚ್ಚಳದ ಮೇಲೆ ಕೂತು ಬೆರಳಿನ ಬಣ್ಣ ಕೀಳುತ್ತಾಳೆ. ಬಸ್ ಚಾಲಕರು ಬಾಲದ ಭಾನುವಾರದ ಮಾತೆತ್ತಲು ಬಾಯಿ ತೆರೆದವರು ಅಕ್ಕನ ಮುಖ ನೋಡಿ ಮುಚ್ಚಿಕೊಳ್ಳುತ್ತಾರೆ.

"ಅಯ್ಯೋ!" ಫೋನಿನಲ್ಲಿ ಅತ್ತೆಯ ಕೂಗು. "ಬಂತು, ಬಂತು. ಒದ್ದೆ ಬಟ್ಟೆ ನನ್ನ ಮುಖಕ್ಕೇ ಬಡೀತು. ಮೂಡಲಿಂದಾನೇ ಕಣೇ!" ಆಮೇಲೆ ದೊಡ್ಡ ಗದ್ದಲ, ಅದರ ಮೇಲೆ ಅತ್ತೆಯ ದನಿ: "ಹೊರಟಿತು ನೋಡೇ, ಹೊರಟಿತು! ಏನೇ ಇದು, ಇದರಲ್ಲಿ ಹಕ್ಕೀನೇ ಇಲ್ಲ! ಬರೀ ಬಿಳಿ ಗೋಡೆ!"

"ಅದು ಆಚೆ ಕಡೆ ಇದೆ ಅತ್ತೆ!"

ಮೊದಲು ಒಂದು ಚುಕ್ಕಿ. ಚುಕ್ಕಿ ಎಡಕ್ಕೆ ವಾಲುತ್ತದೆ. ಬಯಲಿನ ಅಂಚಿನ ಮೇಲೆ ದೊಡ್ಡದಾಗಿ ಸುತ್ತು ಹಾಕಿಕೊಂಡು ಇತ್ತ ತಿರುಗುತ್ತದೆ. ಒಂದು ಕ್ಷಣ ಅದರ ಪಕ್ಕ ಬೂದು ಬಣ್ಣದ್ದು, ಮರುಕ್ಷಣ ಬಿಸಿಲು ಅದರ ಮೇಲೆ ಬಿದ್ದು ಇಡೀ ಕೊಕ್ಕರೆ ಹೊತ್ತಿಕೊಂಡಂತೆ ಹೊಳೆಯುತ್ತದೆ. ಮೂಗಿನ ತುದಿಯಿಂದ ಚಾಚಿದ ಕೊಕ್ಕು, ನೀಲಿ ರೆಕ್ಕೆ, ಬಾಲದ ತನಕ ಹಿಂದಕ್ಕೆ ಎಳೆದ ಕಾಲು. ಕ್ಯಾಮೆರಾಗಳು ಒಟ್ಟಿಗೆ ಕಟಕಟ ಎನ್ನುತ್ತವೆ. ಹೊಸ ಜೋಡಿ ಒಂದೇ ಕ್ಯಾಮೆರಾಕ್ಕೆ ಕಿತ್ತಾಡಿ ಒಂದೂ ಫೋಟೊ ತೆಗೆಯುವುದಿಲ್ಲ. ಯಜಮಾನಿ ಕೀಲಿ ಗೊಂಚಲು ಎತ್ತಿ ಬೀಸುತ್ತಾರೆ, ವಿಮಾನದೊಳಗಿನವರಿಗೆ ಕಾಣುತ್ತದೆಯೇನೋ ಎಂಬಂತೆ.

ತಂಗಿ ಎದ್ದು ನಿಂತಿದ್ದಾಳೆ. ವಿಮಾನ ಸಣ್ಣದಾಗಿ, ಮಂಜಿನಲ್ಲಿ ಸೇರಿಹೋಗುವ ತನಕ ಕತ್ತೆತ್ತಿ ನೋಡುತ್ತಾಳೆ. ಆಮೇಲೆ ಮೂಗೊರೆಸಿಕೊಂಡು, "ಕಾಲು ಸ್ವಲ್ಪ ಉದ್ದ ಆಯ್ತೇನೋ ಅಕ್ಕ," ಎನ್ನುತ್ತಾಳೆ.

"ನಿನ್ನ ತಲೆ!" ಎಂದು ಅಕ್ಕ ಅವಳನ್ನು ಬಾಚಿ ತಬ್ಬಿಕೊಳ್ಳುತ್ತಾರೆ.

ಡಾಕ್ಟರ್ ಆರಿಸಿದ ಒಂದು ಫೋಟೊ ತಂಗಿಯ ಫೋನಿಗೆ ಬರುತ್ತದೆ, ಅಲ್ಲಿಂದ ತಾಯಿಯ ಫೋನಿಗೆ ಹೋಗುತ್ತದೆ. ತುಸು ಹೊತ್ತಿಗೆ ತಾಯಿಯದೇ ಕರೆ. ಅಕ್ಕ ಕಿವಿ ಹತ್ತಿರ ತರುತ್ತಾರೆ, ಉಳಿದವರೂ ತರುತ್ತಾರೆ.

"ಅಷ್ಟು ಮೇಲಕ್ಕೆ ಹೇಗೆ ಹತ್ತಿದ್ಯೇ? ಬಿದ್ದುಗಿದ್ದೀಯ."

"ಬರೆಯೋವಾಗ ಕೆಳಗಿತ್ತಮ್ಮ."

"ಹೆಸರೆಲ್ಲಿ ಹಾಕಿದೀಯ?"

"ಹೆಸರು ಹಾಕಲ್ಲಮ್ಮ ಅದರಲ್ಲಿ."

ತಂಗಿ ಕೆಳಗೆ ನೋಡುತ್ತಾಳೆ. ಆಮೇಲೆ ತಾಯಿಯ ದನಿ ಬೇರೆಯೇ ಆಗಿ ಬರುತ್ತದೆ. "ಅದೇ ಕತ್ತು ಕಣೇ. ಹಿತ್ತಿಲ ಗೋಡೆ ಮೇಲೆಲ್ಲ ಇದ್ದಿಲಲ್ಲಿ ಗೀಚಿ ಗೀಚಿ ನನ್ನ ಕೈಲಿ ಏಟು ತಿಂತಿದ್ಯಲ್ಲ, ಅದೇ ವಕ್ರ ಕತ್ತು. ಹೆಸರು ಯಾಕೆ ಬೇಕು. ಸರಿ, ಫೋನಿಡು. ಪಕ್ಕದ ಮನೆಯವಳು ನೀರು ಹಿಡಿಯೋಕೆ ಬರೋ ಹೊತ್ತು, ತೋರಿಸ್ಬೇಕು."

ಮಧ್ಯಾಹ್ನ ತಾರಸಿಯ ಮೇಲೆ ಮತ್ತೆ ಒದ್ದೆ ಬಟ್ಟೆಯ ರಾಶಿ. ಭಾನುವಾರವೆಂದು ಹೋಟೆಲುಗಳಿಗೆ ರಜೆಯಿಲ್ಲ. ಅತ್ತೆ ತಮ್ಮ ಕುರ್ಚಿಯಲ್ಲಿ ಕೂತು, ಡಾಕ್ಟರ್ ಕೊಟ್ಟ ಫೋಟೊವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಾರೆ. ಕಾವಲು ಕೂರಿಸಿ ತಮಗೆ ಮೋಸ ಮಾಡಿದರೆಂಬ ದೂರು ಇನ್ನೂ ಮುಗಿದಿಲ್ಲ. ಇಷ್ಟು ವರ್ಷ ಊರಿಗೆಲ್ಲ ಜಾಗ ಹುಡುಕಿಕೊಟ್ಟಿರಲ್ಲ, ನಿಮಗೇನು ಆಸೆಯಿದೆ ಎಂದು ಅಕ್ಕನನ್ನು ಕೇಳುತ್ತೇನೆ. ಅವರು ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಎಳೆದು ಹಿಡಿಯಿರೆಂದು ಸನ್ನೆ ಮಾಡಿ, ತಂಗಿಗೆ ಕೇಳಿಸುವಂತೆ ದೊಡ್ಡದಾಗಿ ಹೇಳುತ್ತಾರೆ:

"ಇವಳು ಮುಂದಿನ ಹಕ್ಕೀನ ಬಲಗಡೆ ಬರೀಲಿ. ನಮ್ಮತ್ತೆಗೆ ಕುರ್ಚಿಯಿಂದಾನೇ ಕಾಣುತ್ತೆ."